‘ದಯವಿಟ್ಟು ಮುಟ್ಟಿ’ ಬೋರ್ಡು ಇಳಿಸಿದ ಮೇಲೆ

ಹೋದ ತಿಂಗಳು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಮಕ್ಕಳು ಮುಟ್ಟಿ ತಿರುಗಿಸಿ ವಿಜ್ಞಾನ ಕಲಿಯುತ್ತಿದ್ದ ನಮ್ಮ ಶೆಡ್ಡಿನ ಬೀಗದ ಕೈ ಮಾಲೀಕರಿಗೆ ಕೊಟ್ಟು ಬಂದೆವು. ಒಂಬತ್ತು ವರ್ಷ ಬಾಗಿಲ ಮೇಲಿದ್ದ ‘ದಯವಿಟ್ಟು ಮುಟ್ಟಿ’ ಬೋರ್ಡು ಈಗ ನಮ್ಮ ಮನೆ ಅಟ್ಟದಲ್ಲಿದೆ. ಬಹಳ ಜನ ಫೋನ್ ಮಾಡಿದಿರಿ. ತರಕಾರಿ ಹುಡುಗ ಬದನೆಕಾಯಿ ತೂಗುತ್ತಾ, "ಮುಟ್ಟೋ ಮನೆ ಮುಚ್ಚಿಬಿಟ್ರಂತೆ, ಹಿಂಗಾದ್ರೆ ಹೆಂಗೆ ಟೀಚರ್?" ಅಂದ. ಅವನಿಗೆ ಉತ್ತರ ಹೇಳುವಷ್ಟರಲ್ಲಿ ಹಿಂದೆ ನಿಂತವರು ಟೊಮೆಟೊ ಕೇಳಿದರು. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಮುಚ್ಚಿದ್ದಕ್ಕೆ ಬಾಡಿಗೆ ಕಾರಣ ಅಲ್ಲ. ಕೊರೊನಾ ಕೂಡ ಅಲ್ಲ. ಊರಿಗೆ ಊರೇ "ಮುಟ್ಟಬೇಡಿ" ಅನ್ನುತ್ತಿದ್ದ ಆ ಕಾಲದಲ್ಲಿ ನಮ್ಮ ಬೋರ್ಡಿಗೆ ಗೋಣಿಚೀಲ ಹೊದಿಸಿದ್ದೆವು, ಆಮೇಲೆ ತೆಗೆದೆವು. ನಿಜವಾದ ಕಾರಣ ನಮ್ಮ ಯಜಮಾನರ ಬಲಗೈ. ಹೋದ ವರ್ಷ ಲಕ್ವ ಹೊಡೆಯಿತು. ಈಗ ನಡೆಯುತ್ತಾರೆ, ಮಾತಾಡುತ್ತಾರೆ, ಸಾರಿಗೆ ಉಪ್ಪು ಕಮ್ಮಿ ಅಂತ ನನ್ನನ್ನು ಬೈಯುತ್ತಾರೆ. ಸ್ಪ್ಯಾನರ್ ಮಾತ್ರ ಕೈಯಲ್ಲಿ ನಿಲ್ಲುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಸಾಮಾನು ನೂರು ವರ್ಷ ಇರುತ್ತದೆ. ಮಕ್ಕಳು ತಿರುಗಿಸುವ ಹ್ಯಾಂಡಲ್ಲು ಒಂದು ವಾರ ಬಾಳಿದರೆ ಪುಣ್ಯ. ನಾನು ಹೈಸ್ಕೂಲಲ್ಲಿ ವಿಜ್ಞಾನ ಕಲಿಸಿದವಳು, ವಿವರಿಸುವುದು ಎಷ್ಟು ಬೇಕಾದರೂ ಮಾಡಿಯೇನು. ಆದರೆ ಆ ಜಾಗ ನಡೆದದ್ದು ಲೇತ್ ಮೆಷಿನ್ನಿನಲ್ಲಿ ಪಳಗಿದ ಅವರ ಕೈಯಿಂದ.

ಈ ಹುಚ್ಚು ಹತ್ತಿದ್ದು ಕಲಬುರಗಿಯ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ. ಓದುವ ಬೋರ್ಡಿನ ಮುಂದೆ ಒಬ್ಬರೂ ನಿಲ್ಲಲಿಲ್ಲ, ತಿರುಗಿಸುವ ಸಾಮಾನಿನ ಮುಂದೆ ಜಗಳ. ಆಮೇಲೆ ಫ್ರಾಂಕ್ ಒಪನ್‌ಹೈಮರ್ ಬಗ್ಗೆ ಓದಿದೆ. ಅಣುಬಾಂಬಿನ ರಾಬರ್ಟ್ ಒಪನ್‌ಹೈಮರ್ ಅವರ ತಮ್ಮ. ರಾಜಕೀಯದ ಕಾರಣಕ್ಕೆ ಕೆಲಸ ಕಳೆದುಕೊಂಡು, ಕೊಲರಾಡೊದಲ್ಲಿ ದನ ಸಾಕಿಕೊಂಡಿದ್ದು, ಅಲ್ಲೇ ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡಿದವರು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೋರೇಟೋರಿಯಂ ಶುರು ಮಾಡಿದರು. ತಮ್ಮ ಸಾಮಾನುಗಳನ್ನು ಹೇಗೆ ಮಾಡಬೇಕು ಅನ್ನುವುದನ್ನು ಅವರು ಗುಟ್ಟು ಮಾಡಲಿಲ್ಲ, ಅಡುಗೆ ಹೇಳಿಕೊಟ್ಟ ಹಾಗೆ ಎಲ್ಲರಿಗೂ ಹಂಚಿದರು. ಅದನ್ನು ಯಜಮಾನರಿಗೆ ಓದಿ ಹೇಳಿದೆ. "ಇಷ್ಟೇನಾ?" ಅಂದರು. ಮರುದಿನ ಗುಜರಿ ಅಂಗಡಿಗೆ ಹೋದರು.

ಮೊದಲ ಥ್ಯಾಂಕ್ಸ್ ಆ ಗುಜರಿ ಅಂಗಡಿಯವರಿಗೇ. ನಮ್ಮಲ್ಲಿ ಒಂದು ಮೀಟರ್ ಉದ್ದದ ತಾಮ್ರದ ಪೈಪ್ ಇತ್ತು. ಅದರೊಳಗೆ ಬಲವಾದ ಅಯಸ್ಕಾಂತ ಬಿಟ್ಟರೆ ಜೇನುತುಪ್ಪದಲ್ಲಿ ಮುಳುಗಿದ ಹಾಗೆ ನಿಧಾನ ಇಳಿಯುತ್ತದೆ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಬೀಳುತ್ತಿರುವ ಅಯಸ್ಕಾಂತ ಪೈಪಿನಲ್ಲಿ ಕರೆಂಟ್ ಹುಟ್ಟಿಸುತ್ತದೆ, ಆ ಕರೆಂಟು ಬೀಳುವುದನ್ನೇ ತಡೆಯುತ್ತದೆ. ಒಂದು ದಿನ ಪೈಪೇ ಮಾಯ. ತಾಮ್ರದ ರೇಟು ಗೊತ್ತಲ್ಲ! ಮೂರು ದಿನ ಬಿಟ್ಟು ಗುಜರಿ ಅಂಗಡಿಯವರು ತಾವೇ ಹೊತ್ತು ತಂದರು. "ತೂಕಕ್ಕೆ ಹಾಕ್ಬೇಕಾದ್ರೆ ಒಳಗಿಂದ ಅಯಸ್ಕಾಂತ ನಿಧಾನಕ್ಕೆ ಇಳೀತು ಟೀಚರ್. ಊರಲ್ಲಿ ಇಂಥದ್ದು ಇನ್ಯಾರ್ ಹತ್ರ ಐತೆ?" ಕದ್ದು ತಂದವನಿಗೆ ತಾವು ಕೊಟ್ಟ ದುಡ್ಡನ್ನು ನಮ್ಮಿಂದ ಕೇಳಲಿಲ್ಲ. ಪೈಪ್ ಈಗ ಊರಿನ ಒಂದು ಐಟಿಐನ ಎಲೆಕ್ಟ್ರಿಕಲ್ ವಿಭಾಗದಲ್ಲಿದೆ, ಗೋಡೆಗೆ ಬೋಲ್ಟ್ ಹಾಕಿ ಬಿಗಿದಿದ್ದಾರೆ.

ಸಾಮಾನು ಕೊಡುತ್ತೇವೆ ಅಂದ ಕೂಡಲೇ ಇಪ್ಪತ್ತಕ್ಕೂ ಜಾಸ್ತಿ ಕಡೆಯಿಂದ ಫೋನ್ ಬಂತು. ಯಜಮಾನರು ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆ: "ಕೆಟ್ಟರೆ ರಿಪೇರಿ ಮಾಡೋರು ಯಾರು?" ಒಂದು ದೊಡ್ಡ ಶಾಲೆಯವರು ಎಲ್ಲವನ್ನೂ ಒಟ್ಟಿಗೇ ತೆಗೆದುಕೊಳ್ಳುತ್ತೇವೆ, ರಿಸೆಪ್ಷನ್ನಿನಲ್ಲಿ ಗಾಜಿನ ಕಪಾಟು ಮಾಡಿಸಿ ಇಡುತ್ತೇವೆ ಅಂದರು. "ಮಕ್ಕಳು ಮುಟ್ಟಿದ್ರೆ ಹಾಳಾಗುತ್ತೆ ಅಲ್ವಾ ಮೇಡಂ?" ಅಂತ ನನಗೇ ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು, ಬೇಜಾರಿಲ್ಲ. ಆದರೆ ಕೊಡಲಿಲ್ಲ.

ಕುರುಗೋಡು ಕಡೆಯ ಒಂದು ಸರ್ಕಾರಿ ಶಾಲೆಯ ಹೆಡ್ ಮಾಸ್ಟರು ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಟೆಂಡರ್ ಬೋರ್‌ವೆಲ್ ಮೋಟ್ರು ಬಿಚ್ಚಿ ಜೋಡಿಸ್ತಾನೆ" ಅಂದರು. ಯಜಮಾನರು ಅಲ್ಲಿಗೇ ಮಾತು ಮುಗಿಸಿದರು. ರಾಟೆಯ ಕುರ್ಚಿ ಅವರಿಗೆ ಹೋಯಿತು. ತನ್ನನ್ನು ತಾನೇ ಎಳೆದುಕೊಂಡು ಮೇಲೇರುವ ಕುರ್ಚಿ ಅದು. ಕುರ್ಚಿ, ಮಗು ಸೇರಿ 40 ಕೆಜಿ ಇದ್ದರೆ, ನಾಲ್ಕು ಎಳೆ ಹಗ್ಗ ಭಾರ ಹಂಚಿಕೊಳ್ಳುವುದರಿಂದ 10 ಕೆಜಿಯಷ್ಟು ಎಳೆದರೆ ಸಾಕು. ರಾಟೆಯ ತಿಕ್ಕಾಟಕ್ಕೆ ಸ್ವಲ್ಪ ಜಾಸ್ತಿ. ಆದರೆ ಒಂದು ಅಡಿ ಏರಲು ನಾಲ್ಕು ಅಡಿ ಹಗ್ಗ ಎಳೆಯಬೇಕು. ಇದನ್ನು ನಾನು ವರ್ಷಗಟ್ಟಲೆ ವಿವರಿಸಿದ್ದೇನೆ. ಒಂದು ದಿನ ಮಗಳನ್ನು ಕರೆತಂದ ತಾಯಿಯೊಬ್ಬರು ತಾವೇ ಕುರ್ಚಿಯಲ್ಲಿ ಕೂತು ಎಳೆದು ನೋಡಿ, "ಓ, ಸಂಘದ ಸಾಲ ಕಂತಲ್ಲಿ ಕಟ್ಟಿದಂಗೆ" ಅಂದರು. ಆಮೇಲೆ ನಾನು ಬೇರೆ ಏನೂ ಹೇಳಲು ಹೋಗಲಿಲ್ಲ, ಅದನ್ನೇ ಹೇಳುತ್ತಿದ್ದೆ. ಆ ತಾಯಿಗೂ ಥ್ಯಾಂಕ್ಸ್.

ಬಡಿದರೆ ನುಡಿಯುವ ಕಲ್ಲಿನ ಪಟ್ಟಿಗಳ ವಿಷಯ ಬೇರೆ. ಅದನ್ನು ಕೊಡುವಾಗ ಯಜಮಾನರಿಗೂ ಸಂಕಟ, ನನಗೂ ಸಂಕಟ. ಬಳ್ಳಾರಿ ಪಕ್ಕದಲ್ಲೇ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಿವೆ. ಹೊಸ ಶಿಲಾಯುಗದ ಜನ ಅಲ್ಲಿ ಕಲ್ಲಿನ ಕೊಡಲಿ ಮಾಡಿದ್ದಾರೆ, ಕಪ್ಪು ಬಂಡೆಗಳ ಮೇಲೆ ಗೂಳಿಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆ ಬಡಿದರೆ ಗಂಟೆಯ ಹಾಗೆ ನುಡಿಯುತ್ತವೆ. ಎಷ್ಟು ಬಡಿದಿದ್ದಾರೆ ಅಂದರೆ ಗುಳಿ ಬಿದ್ದಿವೆ. ಅವನ್ನು ಈಗ ಮಕ್ಕಳ ಕೈಗೆ ಕೊಡಲಾಗದು. ಹಂಪಿಯ ವಿಠ್ಠಲ ಗುಡಿಯ ಕಂಬಗಳನ್ನೂ ತಟ್ಟುವಂತಿಲ್ಲ, ತಟ್ಟಲೂ ಬಾರದು. ಹಾಗಂತ ಕಲ್ಲು ಹಾಡುವುದನ್ನು ಮಕ್ಕಳು ಕೇಳುವುದು ಎಲ್ಲಿ? ಗ್ರಾನೈಟ್ ಪಾಲಿಶ್ ಮಾಡುವ ಕಡೆ ಬಿಸಾಡಿದ್ದ ಉದ್ದನೆ ತುಂಡುಗಳನ್ನು ಯಜಮಾನರು ಆರಿಸಿ ತಂದರು. ಮೇಜಿನ ಮೇಲಿಟ್ಟು ಬಡಿದರೆ ‘ಠಕ್’. ಎರಡು ರಬ್ಬರ್ ಟ್ಯೂಬಿನ ಮೇಲಿಟ್ಟರೂ ಠಕ್. ಮೂರು ತಿಂಗಳು ಟ್ಯೂಬ್ ಸರಿಸಿ ಸರಿಸಿ ಕೊನೆಗೆ ಜಾಗ ಸಿಕ್ಕಿತು. 90 ಸೆಂಟಿಮೀಟರ್ ಪಟ್ಟಿಗೆ ಎರಡೂ ತುದಿಯಿಂದ 20 ಸೆಂಟಿಮೀಟರ್ ಒಳಗೆ. ಪಟ್ಟಿ ಕಂಪಿಸುವಾಗ ಆ ಎರಡು ಜಾಗ ಮಾತ್ರ ಅಲ್ಲಾಡುವುದಿಲ್ಲ. ಅಲ್ಲಿ ಹಿಡಿದರೆ ಕಲ್ಲಿನ ಬಾಯಿ ಮುಚ್ಚಿದ ಹಾಗಾಗುವುದಿಲ್ಲ. ಆ ದಿನ ‘ಟಣ್’ ಅಂದದ್ದು ಬೀದಿಗೆ ಕೇಳಿತು.

ಸ್ವರ ಕೂಡಿಸಿಕೊಟ್ಟದ್ದು ನಾಟಕದ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು. ಅದೇ ದಪ್ಪದ ಪಟ್ಟಿ ಅರ್ಧ ಮಾಡಿದರೆ ಒಂದು ಸ್ಥಾಯಿ ಮೇಲೆ ಹೋಗುತ್ತದೆ ಅಂತ ನಾನು ತಿಳಿದಿದ್ದೆ. ಅವರು ಕಣ್ಣು ಮುಚ್ಚಿ ಕೇಳಿ, "ಒಂದಲ್ಲಮ್ಮ, ಎರಡು" ಅಂದರು. ಲೆಕ್ಕ ಹಾಕಿದರೆ ಅವರೇ ಸರಿ. ಒಂದು ಸ್ಥಾಯಿ ಏರುವುದು ಅಂದರೆ ಸೆಕೆಂಡಿಗೆ ಆಗುವ ಕಂಪನ ಎರಡು ಪಟ್ಟಾಗುವುದು. ತಂತಿ ಅರ್ಧ ಮಾಡಿದರೆ ಕಂಪನ ಎರಡು ಪಟ್ಟು, ಕಲ್ಲಿನ ಪಟ್ಟಿ ಅರ್ಧ ಮಾಡಿದರೆ ನಾಲ್ಕು ಪಟ್ಟು, ಅಂದರೆ ಎರಡು ಸ್ಥಾಯಿ. ವಿಜ್ಞಾನದ ಟೀಚರ್ ತಪ್ಪಿದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಈಗ ನಾನೇ ಹೇಳುತ್ತಿದ್ದೇನೆ. ಅವರಿಗೆ ನನ್ನ ನಮಸ್ಕಾರ. ಪಟ್ಟಿಗಳು ಸಂಗನಕಲ್ಲಿನ ಕಡೆಯ ಒಂದು ಶಾಲೆಗೇ ಹೋದವು. ಅಲ್ಲಿನ ಮಕ್ಕಳ ಅಪ್ಪಂದಿರಲ್ಲಿ ಕಲ್ಲು ಒಡೆಯುವವರಿದ್ದಾರೆ. ಪಟ್ಟಿ ಮುರಿದರೆ ಹೊಸದು ಕೆತ್ತುವುದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಪಿಸುಮಾತಿನ ಬುಟ್ಟಿಗಳು ಕಂಪ್ಲಿ ಕಡೆಯ ಹಾಸ್ಟೆಲ್ಲಿಗೆ ಹೋದವು. ಕೇಬಲ್ ಟಿವಿಯವರ ಹಳೆಯ ಎರಡು ಡಿಶ್ ಅವು, ಎಂಟು ಅಡಿ ಅಗಲ, ಹದಿನಾರು ಇಂಚು ಆಳ. ನಡುವಿನಿಂದ ಮೂರು ಅಡಿ ಮುಂದೆ ಬಾಯಿಟ್ಟು ಪಿಸುಗುಟ್ಟಿದರೆ ಶೆಡ್ಡಿನ ಆ ತುದಿಯ ಡಿಶ್ಶಿನ ಮುಂದೆ ಕಿವಿಯಿಟ್ಟವರಿಗೆ ಸ್ಪಷ್ಟ ಕೇಳುತ್ತಿತ್ತು. ಹಾಸ್ಟೆಲ್ ವಾರ್ಡನ್ನಿಗೆ ಈಗ ನಿದ್ದೆ ಇಲ್ಲವಂತೆ. ತಿರುಗುವ ಕುರ್ಚಿ, ಸೈಕಲ್ ಚಕ್ರ ಸಿರುಗುಪ್ಪಕ್ಕೆ, ಶಾಲೆಯ ಎದುರೇ ಸೈಕಲ್ ಶಾಪ್ ಇರುವ ಕಡೆಗೆ. ಪ್ರತಿ ಸಾಮಾನಿನ ಜೊತೆ ಒಂದು ಚೀಟಿ ಕಟ್ಟಿದೆವು. ಯಜಮಾನರು ಹೇಳಿದ್ದು, ನಾನು ಬರೆದದ್ದು. ‘ಬೇರಿಂಗ್ 6204. ವರ್ಷಕ್ಕೆ ಎರಡು ಸಲ ಗ್ರೀಸ್. ಕಿರ್ ಅಂದರೆ ಬೈಯಬೇಡಿ, ಬಿಚ್ಚಿ ನೋಡಿ.’

ಕೋನ ಅಳೆಯುವ ಪಟ್ಟಿಗಳನ್ನು ಬಂದವರಿಗೆಲ್ಲ ಹಂಚಿಬಿಟ್ಟೆವು. ಕೋನಮಾಪಕ, ದಾರ, ದಾರದ ತುದಿಗೆ ಒಂದು ನಟ್ಟು, ಅಷ್ಟೇ. ಕುಂಬಾರ ಗುಡ್ಡ ಕೋಟೆ ಗುಡ್ಡಕ್ಕಿಂತ ಎತ್ತರ ಅನ್ನುವುದನ್ನು ಗಮನಿಸಲಿಲ್ಲ ಅಂತ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ್ನು ಹೈದರಾಲಿ ನೇಣಿಗೆ ಹಾಕಿಸಿದ ಅನ್ನುವ ಕತೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಕತೆ ಇರಲಿ, ಅಳೆದು ನೋಡಿ ಅನ್ನುತ್ತಿದ್ದೆವು. ಒಂದು ಬ್ಯಾಚಿನವರು ಮಾತ್ರ ಎಂಜಿನಿಯರನ್ನು ಉಳಿಸಿದರು. ಅವರು ನಟ್ಟು ಕಟ್ಟುವುದು ಮರೆತಿದ್ದರು.

ಸಾಗಿಸಿದ ದಿನ ನೆನಪಾದರೆ ಈಗಲೂ ಗಂಟಲು ಕಟ್ಟುತ್ತದೆ. ಜೀನ್ಸ್ ಬಂಡಲ್ ಸಾಗಿಸುವ ಟೆಂಪೊ ಡ್ರೈವರಣ್ಣ ಡೀಸೆಲ್ಲಿಗೆ ಮಾತ್ರ ದುಡ್ಡು ತೆಗೆದುಕೊಂಡರು. ತೋರಣಗಲ್ಲಿನಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿ ರಜೆ ಹಾಕಿ ಮೂವರು ಗೆಳೆಯರನ್ನು ಕರೆತಂದ. ಒಂದೊಂದು ಬೋಲ್ಟ್ ಬಿಚ್ಚುವಾಗಲೂ "ಯಾವ ಕಡೆ ತಿರುಗಿಸಲಿ ತಾತ?" ಅಂತ ಯಜಮಾನರನ್ನು ಕೇಳುತ್ತಿದ್ದ. ಅವನಿಗೆ ಗೊತ್ತಿಲ್ಲ ಅಂತಲ್ಲ. ಮಧ್ಯಾಹ್ನ ಒಗ್ಗರಣೆ, ಮಿರ್ಚಿ ಕಳಿಸಿದ ಎದುರು ಮನೆಯವರು ತಟ್ಟೆ ಲೆಕ್ಕ ಕೇಳಿಲ್ಲ. ಎರಡು ತಟ್ಟೆ ಇನ್ನೂ ನಮ್ಮಲ್ಲೇ ಇವೆ, ತಂದು ಕೊಡುತ್ತೇನೆ ಅಕ್ಕ.

ಒಂದನ್ನು ಮಾತ್ರ ಯಾರಿಗೂ ಕೊಡಲು ಆಗಲಿಲ್ಲ. ಅದು ಕತ್ತಲೆ ಕೋಣೆಯ ಗೋಡೆಯ ತೂತು. ತೂತನ್ನು ಟೆಂಪೊದಲ್ಲಿ ಹಾಕಿ ಕಳಿಸುವುದು ಹೇಗೆ? ಶೆಡ್ಡು ಮೊದಲು ಜೀನ್ಸ್ ಹೊಲಿಯುವ ಘಟಕ, ಆ ಕೋಣೆ ಬಟ್ಟೆ ಇಡುವ ಜಾಗ. ಗೋಡೆಗೆ ಹೆಬ್ಬೆರಳು ಗಾತ್ರದ ತೂತು ಕೊರೆದು, ಅದರ ಮೇಲೆ ಸಣ್ಣ ತೂತಿನ ತಗಡು ಹೊಡೆದಿದ್ದೆವು. ತೂತು ದೊಡ್ಡದಾದರೆ ಬೆಳಕು ಜಾಸ್ತಿ, ಚಿತ್ರ ಮಬ್ಬು. ಚಿಕ್ಕದಾದರೆ ಚಿತ್ರ ಚೂಪು, ಕೋಣೆ ಕತ್ತಲು. ಬೆಳಗಿನ ಬಿಸಿಲಿಗೆ ಎದುರಿಗೆ ಕಟ್ಟಿದ ಬಿಳಿ ಪಂಚೆಯ ಮೇಲೆ ಕೋಟೆ ಗುಡ್ಡ ತಲೆಕೆಳಗಾಗಿ ಬೀಳುತ್ತಿತ್ತು, ಬಣ್ಣದ ಸಮೇತ. ಕೆಳಗೆ ಆಕಾಶ, ಮೇಲೆ ರಸ್ತೆ, ರಸ್ತೆಯಲ್ಲಿ ತಲೆಕೆಳಗಾಗಿ ಓಡುವ ಆಟೊ. ಕರೆಂಟ್ ಬೇಡ, ಲೆನ್ಸ್ ಬೇಡ, ಇಷ್ಟು ವರ್ಷದಲ್ಲಿ ರಿಪೇರಿಗೆ ಬಾರದ ಸಾಮಾನು ಅದೊಂದೇ.

ಶೆಡ್ಡಿಗೆ ಈಗ ಜೀನ್ಸ್ ಪ್ಯಾಕಿಂಗ್ ಮಾಡುವವರು ಬಂದಿದ್ದಾರೆ. "ಸರ್, ಆ ತೂತು ಸಿಮೆಂಟ್ ಹಾಕಿ ಮುಚ್ಚಲಾ?" ಅಂತ ಹುಡುಗ ಫೋನ್ ಮಾಡಿದ್ದ. "ನಿಮ್ಮ ಜಾಗ, ನಿಮ್ಮಿಷ್ಟ" ಅಂದ ಯಜಮಾನರು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮೊನ್ನೆ ಕರೆಂಟ್ ಬಿಲ್ಲಿನ ಬಾಕಿ ಕೊಡಲು ಇಬ್ಬರೂ ಹೋಗಿದ್ದೆವು. ಕೋಣೆ ತುಂಬ ಪ್ಯಾಂಟಿನ ರಾಶಿ. ತೂತಿಗೆ ಸಿಮೆಂಟ್ ಹಾಕಿರಲಿಲ್ಲ. ಜೀನ್ಸ್ ಬಟ್ಟೆ ಉಂಡೆ ಮಾಡಿ ತುರುಕಿದ್ದರು. "ಊಟದ ಹೊತ್ತಿಗೆ ತೆಗೀತೀವಿ ತಾತ, ಹೆಣ್ಮಕ್ಕಳು ಬಸ್ ನೋಡ್ತಾರೆ" ಅಂದ ಹುಡುಗ.

ಯಜಮಾನರು ಎಡಗೈ ಚಾಚಿ ಉಂಡೆ ಎಳೆದರು. ಹುಡುಗ ಲೈಟ್ ಆರಿಸಿದ.