ಟಿಕೆಟ್ ಮಾತ್ರ ಈಗ ಬೇಡ

ಕುಂದಾಪುರ

ಪ್ರೀತಿಯ ಸುಮಾ,

ಪತ್ರದಲ್ಲಿ ಉಳಿದದ್ದೆಲ್ಲ ಇರಲಿ. "ಅತ್ತೆಗೆ ಹುಷಾರಿಲ್ಲ ಅಂತ ಗೊತ್ತಾದಾಗಿನಿಂದ ಇವರು ರಾತ್ರಿಯೆಲ್ಲ ಬೆಂಗಳೂರಿನ ಟಿಕೆಟ್ ನೋಡುತ್ತ ಕೂತಿರುತ್ತಾರೆ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ವಿಮಾನ ಹತ್ತಲು ಬಿಡಬೇಡ ಮಗಾ. ಇರಲು ಕೊಟ್ಟ ಅವಧಿ ಮುಗಿದ ಮೇಲೂ ವರ್ಷ ದಾಟಿ ಉಳಿದವರು ಅಮೆರಿಕ ಬಿಟ್ಟು ಹೊರಟರೆ 10 ವರ್ಷ ವಾಪಸ್ ಬರುವ ಹಾಗಿಲ್ಲ. ಅಳಿಯಂದಿರದು ಮುಗಿದು ಮೂರು ವರ್ಷವಾಯಿತು, ಅಲ್ವಾ? ಅಲ್ಲೇ ಇದ್ದು ಅರ್ಜಿ ಹಾಕಿದರೆ, ಹೆಂಡತಿ ಸಿಟಿಜನ್ ಆದ್ದರಿಂದ, ವೀಸಾ ಮುಗಿದದ್ದೊಂದೇ ಗ್ರೀನ್ ಕಾರ್ಡಿಗೆ ಅಡ್ಡ ಬರುವುದಿಲ್ಲವಂತೆ. ನಿನ್ನ ತಮ್ಮನ ಹತ್ತಿರ ಆ ನಿಯಮ ಎರಡೆರಡು ಸಲ ಓದಿಸಿ ಕೇಳಿದೆ.

ಶಾರ್ಜಾದಲ್ಲಿ ನಾನೂ ಕಲ್ಲಿವಲ್ಲಿ, ಅಂದರೆ ಕಾಗದಪತ್ರವಿಲ್ಲದೆ ಉಳಿದವನು, ಆಗಿದ್ದೆ. ಪಾಸ್‌ಪೋರ್ಟ್ ಅರಬಾಬುವಿನ (ಕೆಲಸಕ್ಕೆ ಕರೆಸಿಕೊಂಡ ಧಣಿಯ) ಹತ್ತಿರ, ನಾನು ಬೇರೆ ಕಡೆ ಕೂಲಿಗೆ. 1995ರಲ್ಲಿ ನಿನ್ನ ಅಮ್ಮಮ್ಮ ಹಾಸಿಗೆ ಹಿಡಿದರು. ಪ್ರತಿ ಪತ್ರದಲ್ಲೂ "ಮುಂದಿನ ತಿಂಗಳು ಬರುತ್ತೇನೆ" ಅಂತ ಬರೆದೆ. 1996ರಲ್ಲಿ ಅಲ್ಲಿನ ಸರ್ಕಾರ ಕ್ಷಮಾದಾನ ಕೊಟ್ಟಾಗ ಔಟ್‌ಪಾಸ್, ಅಂದರೆ ಪಾಸ್‌ಪೋರ್ಟ್ ಇಲ್ಲದವರಿಗೆ ಊರಿಗೆ ಮರಳಲು ಕೊಡುವ ಕಾಗದ, ಹಿಡಿದು ಬಂದೆ. ಅಷ್ಟರಲ್ಲಿ ವರ್ಷಾಂತಿಕವೂ ಆಗಿತ್ತು. ಅಮ್ಮನ ಎಲೆಯಡಿಕೆ ಚೀಲ ಮೊಳೆಯಲ್ಲೇ ನೇತಾಡುತ್ತಿತ್ತು. ಒಳಗೆ ಒಣಗಿದ ಎಲೆ, ಅರ್ಧ ಅಡಿಕೆ, ಸುಣ್ಣ ಮೆತ್ತಿದ ನನ್ನ ಪತ್ರ. ಬರಲಾಗಲಿಲ್ಲ ಅನ್ನುವುದನ್ನು ಹೇಗೋ ನುಂಗಿಕೊಂಡೆ. ಸುಳ್ಳು ಬರೆದದ್ದು ಈಗಲೂ ಚುಚ್ಚುತ್ತದೆ. ಅಳಿಯಂದಿರು ತಾಯಿಗೆ ನಿಜ ಹೇಳಿಬಿಡಲಿ.

ಬಂದಿಳಿದಾಗಿನ ಐ-94, ಅಂದರೆ ಅಮೆರಿಕದೊಳಗೆ ಬಂದ ದಾಖಲೆ, ಹುಡುಕಿ ಇಟ್ಟುಕೊಳ್ಳಿ, ವೀಸಾ ಮೇಲೆಯೇ ಬಂದರು ಅನ್ನಲು ಅದು ಬೇಕು. ಅರ್ಜಿ ಹಾಕಿದ ಮೇಲೂ ಅಡ್ವಾನ್ಸ್ ಪೆರೋಲ್, ಅಂದರೆ ಹೊರಗೆ ಹೋಗಿ ವಾಪಸ್ ಬರಲು ಮುಂಗಡ ಅನುಮತಿ, ಕೈಗೆ ಬರದೆ ಹೊರಟರೆ ಅರ್ಜಿಯೇ ಬಿದ್ದುಹೋಗುತ್ತದೆ. ಕೈಗೆ ಬಂದರೂ ವಕೀಲರನ್ನು ಕೇಳದೆ ಬೇಡ. ಇನ್ನೊಂದು, ಕೇಳಲು ಸಂಕೋಚವೇ: ಕೆಲಸಕ್ಕೆ ಸೇರುವಾಗ ಎಲ್ಲಾದರೂ ತಾನು ಸಿಟಿಜನ್ ಅಂತ ಟಿಕ್ ಹಾಕಿದ್ದಾರಾ? ಹಾಕಿದ್ದರೆ ವಕೀಲರಿಗೆ ಮೊದಲೇ ಹೇಳಲಿ, ಅದು ವೀಸಾ ಮುಗಿದದ್ದಕ್ಕಿಂತ ದೊಡ್ಡ ತೊಂದರೆ. ನಿಮ್ಮ ಸಂಸಾರದಲ್ಲಿ ಜಾಸ್ತಿ ಬಾಯಿ ಹಾಕಿದೆನೇನೋ, ಬೇಜಾರು ಮಾಡಿಕೊಳ್ಳಬೇಡ.

ಆದರೂ ಮತ್ತೆ ಅದನ್ನೇ ಹೇಳುತ್ತೇನೆ, ಟಿಕೆಟ್ ಬೇಡ. ಭಾನುವಾರ ಬೆಳಿಗ್ಗೆ ನಾನು ಶಿವಮೊಗ್ಗಕ್ಕೆ ಹೋಗಿ ಬೀಗಿತ್ತಿಯವರ ಪಕ್ಕ ಕೂರುತ್ತೇನೆ. ನಿಮಗಲ್ಲಿ ಶನಿವಾರ ರಾತ್ರಿ. ವಿಡಿಯೋ ಕಾಲ್ ಹಚ್ಚಿ ಅವರ ಕೈಗೆ ಕೊಡುತ್ತೇನೆ. ಅಳಿಯಂದಿರು ಎದ್ದಿರಲಿ. ಅವರ ತಾಯಿಗೆ ಏನು ತಿನ್ನಲು ಇಷ್ಟ ಅಂತ ಕೇಳಿ ತಿಳಿಸು, ನಿನ್ನ ಮಾಮಿ ಮಾಡಿ ಕೊಡುತ್ತಾಳೆ.

ನಿನ್ನ ಮಾವ