ಆತುರಪಡಿಸದ ನನ್ನ ಸಭೆಗೆ

ಹೊಸಬರ ಬೈಬಲ್ ತರಗತಿಯನ್ನು ಇನ್ನು ಮುಂದೆ ನಾನು ನಡೆಸಬೇಕೆಂದು ಕಳೆದ ಭಾನುವಾರ ಸಭಾಪಾಲಕರು ಹೇಳಿದಾಗ ಎದ್ದು ನಿಂತು ನಾಲ್ಕು ಮಾತಾಡಬೇಕಿತ್ತು. ಗಂಟಲು ಕಟ್ಟಿತು. "ನನಗಾಗಿ ಪ್ರಾರ್ಥನೆ ಮಾಡಿ" ಎಂದಷ್ಟೇ ಹೇಳಿ ಕೂತುಬಿಟ್ಟೆ. ಅಂದು ಬಾಯಿಗೆ ಬಾರದ ಮಾತುಗಳಿವು.

ಮೊದಲ ವಂದನೆ, ಆಗ ನನಗೆ ಚೂರೂ ಹಿಡಿಸದಿದ್ದ ಒಂದು ಕೆಲಸಕ್ಕೆ: ನನ್ನ ದೀಕ್ಷಾಸ್ನಾನವನ್ನು, ಅಂದರೆ ನಂಬಿದವನನ್ನು ನೀರಿಗಿಳಿಸುವ ಸಂಸ್ಕಾರವನ್ನು, ಮುಂದಕ್ಕೆ ಹಾಕಿದ್ದಕ್ಕೆ. ಕೂಟದಲ್ಲಿ ಅತ್ತಿದ್ದೆ, ಕೈ ಎತ್ತಿದ್ದೆ, ಮುಂದೆ ಹೋಗಿ ನಿಂತಿದ್ದೆ, ಇನ್ನೇನು ಬೇಕು? ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಗೆ ನಂಬಿದ ಅದೇ ರಾತ್ರಿ ದೀಕ್ಷಾಸ್ನಾನವಾಗಲಿಲ್ಲವೇ ಎಂದು, ಯೇಸು ಕಳುಹಿಸಿದ ಅಪೊಸ್ತಲರ ಕೆಲಸಗಳನ್ನು ಹೇಳುವ ಬೈಬಲಿನ ಪುಸ್ತಕ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ತೆಗೆದಿಟ್ಟು ಹಿರಿಯರೊಬ್ಬರ ಜೊತೆ ವಾದಕ್ಕೇ ಇಳಿದಿದ್ದೆ. ಅವರು ನಗುತ್ತಾ ಅದೇ ಪುಸ್ತಕದ 8ನೇ ಅಧ್ಯಾಯಕ್ಕೆ ಹಾಳೆ ತಿರುಗಿಸಿದರು. ಸಮಾರ್ಯದ ಮಂತ್ರವಾದಿ ಸಿಮೋನ. ಅವನೂ ನಂಬಿದ, ಅವನಿಗೂ ದೀಕ್ಷಾಸ್ನಾನವಾಯಿತು, ಆಮೇಲೆ ಅಪೊಸ್ತಲರ ಅಧಿಕಾರವನ್ನು ದುಡ್ಡು ಕೊಟ್ಟು ಕೊಳ್ಳಲು ಬಂದ. ನಿನ್ನ ಹೃದಯ ದೇವರ ಮುಂದೆ ನೆಟ್ಟಗಿಲ್ಲ ಎಂದು ಅಪೊಸ್ತಲ ಪೇತ್ರ ಅವನಿಗೆ ಮುಖಕ್ಕೇ ಹೇಳಿದ.

"ನೀರಿಗೆ ಇಳಿಸೋದು ನಿಮಿಷದ ಕೆಲಸ, ತಮ್ಮಾ. ನಿನ್ನಲ್ಲಿ ಏನು ಬದಲಾಗಿದೆ ಅಂತ ನಿಮ್ಮ ಮನೆಯವರನ್ನ ಕೇಳಿದ್ಯಾ?" ಎಂದರು.

ಕೇಳಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅವರು ಕೇಳಿದ್ದೆಲ್ಲ ಇಂಥವೇ. ಸಿಟ್ಟು ಬಂದಾಗ ನಾಲಿಗೆ ಹಿಡಿತದಲ್ಲಿರುತ್ತಾ? ಯಾರಿಗಾದರೂ ಬಾಕಿ ಇಟ್ಟುಕೊಂಡಿದ್ದೀಯಾ? ಯಾರೂ ನೋಡದಿದ್ದಾಗಲೂ ವಾಕ್ಯ ಓದಬೇಕು ಅನಿಸುತ್ತಾ? ಎಷ್ಟು ಅತ್ತೆ ಎಂದು ಒಮ್ಮೆಯೂ ಕೇಳಲಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆಯನ್ನು ನಾವಿಬ್ಬರೂ ಕೂತು ಓದಿದ್ದು ಆಗಲೇ. ಮರ ಹತ್ತಿದ್ದವನು ಕೆಳಗಿಳಿದು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎನ್ನುತ್ತಾನೆ. ಹಾಗೆ ಕೊಟ್ಟು ರಕ್ಷಣೆ ಗಳಿಸಿದ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಯೇಸು ಅವನ ಹೆಸರು ಹಿಡಿದು ಕರೆದದ್ದು ಇದೆಲ್ಲಕ್ಕಿಂತ ಮೊದಲೇ ಎಂಬುದನ್ನು ಹಿರಿಯರು ಬೆರಳಿಟ್ಟು ತೋರಿಸಿದರು. ಕೃಪೆ ಮುಂದೆ, ಲೆಕ್ಕ ತೀರಿಸುವುದು ಅದರ ಹಿಂದೆ. ಕೊನೆಗೆ ನಾನು ನೀರಿಗಿಳಿದ ದಿನ ಸಾಕ್ಷಿ ಹೇಳಲು ಕಣ್ಣೀರಿನ ಆಸರೆ ಬೇಕಾಗಲಿಲ್ಲ.

ಆದರೆ ಪ್ರಶ್ನೆ ಕೇಳುವವರಷ್ಟೇ ಇದ್ದಿದ್ದರೆ ನಾನು ಓಡಿಹೋಗುತ್ತಿದ್ದೆನೇನೋ. ಮೊದಲು ಶಿಷ್ಯರನ್ನು ಹಿಂಸಿಸುತ್ತಿದ್ದು ಆಮೇಲೆ ಯೇಸುವನ್ನು ನಂಬಿದ ಸೌಲ (ಪೌಲ ಎಂದರೂ ಇವನೇ) ಯೆರೂಸಲೇಮಿಗೆ ಬಂದಾಗ ಇವನೂ ಒಬ್ಬ ಶಿಷ್ಯ ಎಂದು ಅಲ್ಲಿ ಯಾರೂ ನಂಬಲಿಲ್ಲ, ಎಲ್ಲರಿಗೂ ಭಯ. ಅವನನ್ನು ಕರೆದುಕೊಂಡು ಹೋಗಿ ಅಪೊಸ್ತಲರ ಮುಂದೆ ನಿಲ್ಲಿಸಿದವನು ಬಾರ್ನಬ. ನನ್ನ ಪಾಲಿಗೆ ಆ ಕೆಲಸ ಮಾಡಿದವರು ನಮ್ಮ ಸಾಲಿನ ಕೊನೆಯಲ್ಲಿ ಕೂರುವ ಅಮ್ಮ. ಹೆಸರು ಹಾಕಿದರೆ ಬೈಯುತ್ತಾರೆ, ಹಾಕುವುದಿಲ್ಲ. ಪ್ರಸಂಗದಲ್ಲಿ "ಹಬಕ್ಕೂಕ" ಎಂದು ಬೈಬಲಿನ ಆ ಪುಟ್ಟ ಪುಸ್ತಕದ ಹೆಸರು ಹೇಳಿದರೆ ನಾನು ಪುಟ ತಿರುವುತ್ತಲೇ ಇರುತ್ತಿದ್ದೆ. ಅವರು ತಮ್ಮ ಬೈಬಲನ್ನು, ಸರಿಯಾದ ಸಾಲಿನ ಕೆಳಗೆ ಉಗುರಿನಿಂದ ಗೀಟೆಳೆದು, ಸದ್ದಿಲ್ಲದೆ ನನ್ನ ತೊಡೆಯ ಮೇಲೆ ಜಾರಿಸಿ, ನನ್ನದನ್ನು ತೆಗೆದುಕೊಂಡು ತಾವು ಹುಡುಕಲು ಶುರುಮಾಡುತ್ತಿದ್ದರು. ಆ ಬೈಬಲಿನ ಅಂಚಿನ ತುಂಬ ಪೆನ್ಸಿಲಿನಲ್ಲಿ ಸಭೆಯವರ ಹೆಸರುಗಳು. ಒಂದು ದಿನ ಅಲ್ಲಿ ನನ್ನ ಹೆಸರೂ ಕಂಡಿತು.

ದೀಕ್ಷಾಸ್ನಾನದ ನಂತರ ಒಂದು ಒಣ ಕಾಲವೂ ಬಂತು. ಪ್ರಾರ್ಥಿಸಲು ಕೂತರೆ ಮಾತೇ ಹೊರಡದು. ಸಭೆಗೆ ಬರುವುದನ್ನೂ ಬಿಟ್ಟಿದ್ದೆ. ಆಗ ಮನೆಗೆ ಬಂದ ದಂಪತಿಗೆ ನಾನು ಚಿರಋಣಿ. ಅವರು ಬುದ್ಧಿ ಹೇಳಲಿಲ್ಲ. 42ನೇ ಕೀರ್ತನೆಯನ್ನು ಓದಿದರು. ಯಾಕೆ ಕುಗ್ಗಿದ್ದೀ ಎಂದು ತನ್ನ ಮನಸ್ಸನ್ನೇ ತರಾಟೆಗೆ ತೆಗೆದುಕೊಳ್ಳುವ ಭಕ್ತನ ಹಾಡು ಅದು. "ನಿಮಗೆ ಆಗದಿದ್ದರೆ ಈ ವಾರ ನಾವೇ ಪ್ರಾರ್ಥನೆ ಮಾಡ್ತೀವಿ ಬಿಡಿ" ಎಂದು ಎದ್ದು ಹೋದರು. ಮುಂದಿನ ವಾರ ಮತ್ತೆ ಬಂದರು, ಅದರ ಮುಂದಿನ ವಾರವೂ.

ನನ್ನ ಜೊತೆ ಜಗಳ ಆಡಿದವರಿಗೂ ವಂದನೆ, ಇದು ವ್ಯಂಗ್ಯವಲ್ಲ. ಹಾಡುಗಳ ಆಯ್ಕೆಯ ವಿಷಯಕ್ಕೆ ಒಬ್ಬ ಸಹೋದರನೂ ನಾನೂ ಮುಖ ತಿರುಗಿಸಿಕೊಂಡಿದ್ದೆವು. ಸಭೆಯವರೆಲ್ಲ ಒಟ್ಟಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಯೇಸುವಿನ ಮರಣವನ್ನು ನೆನೆಯುವ ಕರ್ತನ ಭೋಜನದ ಹಿಂದಿನ ದಿನ ಅವನೇ ಫೋನ್ ಮಾಡಿದ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪವಿತ್ರಾತ್ಮನ ಫಲಗಳ ಪಟ್ಟಿ ಇದೆಯಲ್ಲ, ಪ್ರೀತಿ, ದೀರ್ಘಶಾಂತಿ, ದಯೆ, ಸಾಧುತ್ವ, ಅದರಲ್ಲಿ ಬಹುಪಾಲಿಗೆ ಎದುರಿಗೊಬ್ಬ ಮನುಷ್ಯ ಬೇಕೇ ಬೇಕು. ನಾನೊಬ್ಬನೇ ಕೋಣೆಯಲ್ಲಿ ಬೈಬಲ್ ಓದಿಕೊಂಡಿದ್ದಿದ್ದರೆ ನನ್ನಷ್ಟು ತಾಳ್ಮೆಯವನು ಇಲ್ಲವೆಂದೇ ನಂಬಿಕೊಂಡಿರುತ್ತಿದ್ದೆ!

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ತರಗತಿ ಶುರು, ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಿಂದ. ಹೊಸಬರಿಗೆ ಎಂದು ಹೆಸರಿದ್ದರೂ ಹಳಬರು ಒಬ್ಬಿಬ್ಬರು ಹಿಂದಿನ ಸಾಲಿನಲ್ಲಿ ಬಂದು ಕೂರಿ. ನನಗೆ ಉತ್ತರ ಹೊಳೆಯದ ಪ್ರಶ್ನೆ ಬಂದರೆ ನಾನು ನಿಮ್ಮ ಕಡೆಗೇ ನೋಡುವವನು. ಅಮ್ಮಾ, ನೀವಂತೂ ತಪ್ಪಿಸುವ ಹಾಗಿಲ್ಲ.