ಮತಪತ್ರದ ಕೆಳಗಿನ ಸಾಲುಗಳು: ಮಗಳಿಗೊಂದು ಪತ್ರ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಮೆರಿಕದ 2024ರ ಚುನಾವಣೆಯಲ್ಲಿ ಅಧ್ಯಕ್ಷರಿಗೂ ಗವರ್ನರ್‌ಗೂ ಮತ ಹಾಕಿ, ಕೆಳಗೆ ಸಾಲಾಗಿದ್ದ ನ್ಯಾಯಾಧೀಶರ ಹೆಸರುಗಳನ್ನು ಮುಟ್ಟದೆ ಬಂದೆ ಎಂದು ಮೊನ್ನೆ ಹೇಳಿದೆಯಲ್ಲ, "ಯಾರೂ ಗೊತ್ತಿರಲಿಲ್ಲ ಅಪ್ಪ" ಎಂದು. ಜಿಲ್ಲಾ ನ್ಯಾಯಾಲಯದ ಶಿರಸ್ತೇದಾರನ ಮಗಳು ಜಡ್ಜುಗಳನ್ನೇ ಬಿಟ್ಟು ಬಂದಳು ಎಂದು ನಿನ್ನ ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ನಿವೃತ್ತನಿಗೆ ಸಮಯ ಬಹಳ, ಓದುತ್ತಾ ಕುಳಿತೆ. ಓದಿದ್ದನ್ನು ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ, ಹ್ಞೂಂ" ಎನ್ನುತ್ತಾ ಅಡುಗೆ ಮಾಡುತ್ತಿರುತ್ತೀಯ. ಅದಕ್ಕೇ ಈ ಪತ್ರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನ್ಯಾಯಾಧೀಶರು ಮತ ಕೇಳಿಕೊಂಡು ತಿರುಗುವುದು ನನಗೆ ಒಪ್ಪಿಗೆಯಿಲ್ಲ. ವಕೀಲರ ಮನೆಯ ಮದುವೆ ಊಟಕ್ಕೆ ಹೋಗಲೂ ಹಿಂಜರಿಯುತ್ತಿದ್ದ ಜಡ್ಜುಗಳ ಕೈಕೆಳಗೆ ಕೆಲಸ ಮಾಡಿದವನು ನಾನು. ನಾಳೆ ತನ್ನೆದುರು ವಾದಿಸಲಿರುವ ವಕೀಲನಿಂದ ಇಂದು ಪ್ರಚಾರಕ್ಕೆ ದೇಣಿಗೆ ಪಡೆಯುವುದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ನೀನಿರುವ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಪದ್ಧತಿ ಇರುವುದೇ ಹಾಗೆ. ನೀನು ಸಾಲು ಖಾಲಿ ಬಿಟ್ಟ ಮಾತ್ರಕ್ಕೆ ಆ ಕುರ್ಚಿ ಖಾಲಿ ಉಳಿಯುವುದಿಲ್ಲ.

ಶೆರಿ ಬೀಸ್ಲಿ ಎಂಬವರ ವೃತ್ತಾಂತ ಕೇಳು. ಫೆಯೆಟ್‌ವಿಲ್ ಊರಿನಲ್ಲಿ ವಕೀಲರಿಗೆ ಹಣ ಕೊಡಲಾಗದ ಆರೋಪಿಗಳ ಪರವಾಗಿ ಸರ್ಕಾರದ ಖರ್ಚಿನಲ್ಲಿ ವಾದಿಸುತ್ತಿದ್ದವರು. 1999ರಲ್ಲಿ ಅವರನ್ನು ಗವರ್ನರ್ ಜಿಮ್ ಹಂಟ್ ಜಿಲ್ಲಾ ನ್ಯಾಯಾಧೀಶರನ್ನಾಗಿ ನೇಮಿಸಿದರು. 2008ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯದ ಹಾಲಿ ನ್ಯಾಯಾಧೀಶರೊಬ್ಬರ ಎದುರು ನಿಂತು ಗೆದ್ದರು. ಗವರ್ನರ್ ಮೊದಲು ಕೂರಿಸಿ ಆಮೇಲೆ ಮತಕ್ಕೆ ಹೋಗುವುದು ಅಲ್ಲಿ ಸಾಮಾನ್ಯ. ಹಾಗೆ ಕೂರಿಸಿಕೊಳ್ಳದೆ ಇಡೀ ರಾಜ್ಯದ ಮತ ಪಡೆದು ಗೆದ್ದ ಮೊದಲ ಕಪ್ಪು ಮಹಿಳೆ ಅವರೇ.

ಆ ನ್ಯಾಯಾಲಯ ಇರುವುದು ರಾಲಿಯಲ್ಲಿ, ನೀನಿರುವ ಕ್ಯಾರಿ ಊರಿನ ಪಕ್ಕದಲ್ಲೇ. 15 ನ್ಯಾಯಾಧೀಶರು, ಎಂಟು ವರ್ಷದ ಅವಧಿ, ಮೂವರ ಪೀಠ. ಸಾಕ್ಷಿಗಳಿಲ್ಲ, ಜ್ಯೂರಿಯಿಲ್ಲ, ಕೆಳಗಿನ ಕೋರ್ಟಿನ ದಾಖಲೆ ಮುಂದಿಟ್ಟುಕೊಂಡು ಕಾನೂನು ತಪ್ಪಿದೆಯೇ ಎಂದು ನೋಡುವುದಷ್ಟೇ ಕೆಲಸ. ವಿಚ್ಛೇದನ, ಮಗು ಯಾರ ಬಳಿ ಇರಬೇಕು, ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ, ಇಂಥ ಖಟ್ಲೆಗಳು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತವೆ. ಮೂವರಲ್ಲಿ ಒಬ್ಬರು ಭಿನ್ನ ತೀರ್ಪು ಬರೆದರೆ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗುವುದು ಮೊದಲು ಕಕ್ಷಿದಾರನ ಹಕ್ಕಾಗಿತ್ತು. 2023ರಲ್ಲಿ ಬಜೆಟ್ ಕಾಯ್ದೆಯೊಳಗೆ ಸೇರಿಸಿ ಅದನ್ನೂ ತೆಗೆದರು. ಅಂದ ಮೇಲೆ ಆ ಹದಿನೈದು ಮಂದಿ ಯಾರು ಎನ್ನುವುದು ಸಣ್ಣ ವಿಷಯವೇ?

ಅವರನ್ನು ಆರಿಸುವ ಬಗೆಯಂತೂ ಆಗಾಗ ವಿಚಿತ್ರವಾಗಿರುತ್ತದೆ. 2014ರಲ್ಲಿ ಇದೇ ನ್ಯಾಯಾಲಯದ ಒಂದು ಸ್ಥಾನ ತಡವಾಗಿ ತೆರವಾಯಿತು. ಅಭ್ಯರ್ಥಿಗಳ ಸಂಖ್ಯೆ ಇಳಿಸುವ ಪ್ರಾಥಮಿಕ ಸುತ್ತಿನ ಮತದಾನ ನಡೆಸಲು ಸಮಯವಿರಲಿಲ್ಲ. ಕಣದಲ್ಲಿ 19 ಮಂದಿ! ಹೆಸರಿನ ಮುಂದೆ ಪಕ್ಷವೂ ಇಲ್ಲ. ಗೆದ್ದ ಜಾನ್ ಟೈಸನ್ ಅವರಿಗೆ ಬಿದ್ದದ್ದು ಚಲಾವಣೆಯಾದ ಮತದ ಕಾಲು ಭಾಗಕ್ಕಿಂತ ಕಡಿಮೆ. ನಮ್ಮ ಗ್ರಾಮ ಪಂಚಾಯಿತಿಯಲ್ಲೂ ಇದಕ್ಕಿಂತ ಅಚ್ಚುಕಟ್ಟು ಇರುತ್ತದೆ.

ಆದರೆ ಒಂದು ಕಾಲಕ್ಕೆ ಅವರಲ್ಲಿ ಮೆಚ್ಚುವಂಥ ಏರ್ಪಾಡು ಇತ್ತು. 2004ರಿಂದ ಮೇಲಿನ ಎರಡು ನ್ಯಾಯಾಲಯಗಳ ಚುನಾವಣೆಗೆ ಅಭ್ಯರ್ಥಿಯು ಬೇಕಿದ್ದರೆ ಸರ್ಕಾರದ ನಿಧಿಯಿಂದಲೇ ಪ್ರಚಾರದ ಹಣ ಪಡೆಯಬಹುದಿತ್ತು. ಅದಕ್ಕೆ ಮೊದಲು ಕನಿಷ್ಠ 350 ಮತದಾರರಿಂದ ಸಣ್ಣ ಮೊತ್ತದ ದೇಣಿಗೆ ಎತ್ತಿ ಜನಬೆಂಬಲ ತೋರಿಸಬೇಕು, ಆಮೇಲೆ ಖರ್ಚಿನ ಮಿತಿಗೆ ಒಪ್ಪಬೇಕು. ಪಕ್ಷದ ಗುರುತೂ ಇರಲಿಲ್ಲ. 2013ರಲ್ಲಿ ಶಾಸಕಾಂಗ ಆ ನಿಧಿಯನ್ನು ರದ್ದು ಮಾಡಿತು. ಮೇಲ್ಮನವಿ ನ್ಯಾಯಾಲಯಕ್ಕೆ 2016ರಲ್ಲಿ, ಸುಪ್ರೀಂ ಕೋರ್ಟಿಗೆ 2018ರಲ್ಲಿ ಪಕ್ಷದ ಹೆಸರು ಮತಪತ್ರಕ್ಕೆ ಮರಳಿತು. ಕೆಟ್ಟ ಪದ್ಧತಿಯೊಳಗೆ ಇದ್ದ ಒಂದು ಒಳ್ಳೆಯ ಕಿಟಕಿಯನ್ನು ಮುಚ್ಚಿದರು ಎಂದು ನನಗೆ ಅನಿಸುತ್ತದೆ.

ಬೀಸ್ಲಿ ಅವರ ವಿಷಯಕ್ಕೆ ಬರುತ್ತೇನೆ. 2012ರ ಕೊನೆಯಲ್ಲಿ ಅವರನ್ನು ಗವರ್ನರ್ ಬೆವ್ ಪರ್ಡ್ಯೂ ರಾಜ್ಯದ ಸುಪ್ರೀಂ ಕೋರ್ಟಿಗೆ ನೇಮಿಸಿದರು. 2014ರಲ್ಲಿ ಮತಕ್ಕೆ ಹೋದಾಗ ಮರುಎಣಿಕೆಯಾಗಿ ಐದು ಸಾವಿರ ಚಿಲ್ಲರೆ ಮತದಿಂದ ಉಳಿದುಕೊಂಡರು. 2019ರಲ್ಲಿ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತೆರವಾಯಿತು. ಸೇವೆಯಲ್ಲಿ ಹಿರಿಯರಾಗಿದ್ದವರು ಪಾಲ್ ನ್ಯೂಬಿ. ಗವರ್ನರ್ ರಾಯ್ ಕೂಪರ್, ನ್ಯೂಬಿಯವರನ್ನು ಬಿಟ್ಟು ಬೀಸ್ಲಿ ಅವರನ್ನು ಆರಿಸಿದರು. ಆ ರಾಜ್ಯದ ಮೊದಲ ಕಪ್ಪು ಮಹಿಳಾ ಮುಖ್ಯ ನ್ಯಾಯಮೂರ್ತಿ.

ಇದನ್ನು ಓದುವಾಗ ನನಗೆ ನೆನಪಾದವರು ನಮ್ಮ ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆಯವರು. 1973ರಲ್ಲಿ ಹಿರಿತನದ ಮೂವರನ್ನು ಬದಿಗಿಟ್ಟು ಎ. ಎನ್. ರೇ ಅವರನ್ನು ಭಾರತದ ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಹೆಗ್ಡೆಯವರು ರಾಜೀನಾಮೆ ಎಸೆದು ಹೊರಬಂದರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ನಮ್ಮಲ್ಲಿ ಮತ ಕೇಳಬೇಕಾದರೆ ಪೀಠ ಬಿಟ್ಟು ಇಳಿಯಬೇಕು. ನ್ಯೂಬಿಯವರು ಇಳಿಯಬೇಕಾಗಿರಲಿಲ್ಲ. ಪೀಠದಲ್ಲಿ ಕುಳಿತೇ, ಪಕ್ಕದ ಕುರ್ಚಿಯಲ್ಲಿದ್ದ ಮುಖ್ಯ ನ್ಯಾಯಮೂರ್ತಿಯ ವಿರುದ್ಧ 2020ರಲ್ಲಿ ಚುನಾವಣೆಗೆ ನಿಂತರು. ಬೆಳಿಗ್ಗೆ ಒಟ್ಟಿಗೆ ವಾದ ಕೇಳುವುದು, ಸಂಜೆ ಒಬ್ಬರ ವಿರುದ್ಧ ಒಬ್ಬರು ಪ್ರಚಾರ! ಆ ಕೋರ್ಟಿನ ಶಿರಸ್ತೇದಾರನ ಗತಿ ಏನಾಗಿತ್ತೋ.

ಅದೇ ವರ್ಷದ ಜೂನ್‌ನಲ್ಲಿ, ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಸತ್ತ ನಂತರ, ನ್ಯಾಯಾಲಯಗಳಲ್ಲೂ ಜನಾಂಗ ತಾರತಮ್ಯ ಇದೆ ಎಂದು ಬೀಸ್ಲಿ ಬಹಿರಂಗವಾಗಿ ಮಾತನಾಡಿದರು. ಚುನಾವಣೆಗೆ ಐದು ತಿಂಗಳಿದ್ದಾಗ. ಲೆಕ್ಕ ಹಾಕುವ ರಾಜಕಾರಣಿಯಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು ಎಂದುಕೊಂಡಿದ್ದೇನೆ. ನಿನ್ನ ಗಂಡ ಒಪ್ಪದಿರಬಹುದು.

ಫಲಿತಾಂಶ: ನ್ಯೂಬಿ 26,95,951, ಬೀಸ್ಲಿ 26,95,550. ಅಂತರ 401. ಮರುಎಣಿಕೆಯೂ ಆಯಿತು. ಡಿಸೆಂಬರ್ 12ರಂದು ಬೀಸ್ಲಿ ಸೋಲೊಪ್ಪಿಕೊಂಡರು. ಈಗ ಇನ್ನೊಂದು ಲೆಕ್ಕ ನೋಡು. ಅಂದು ಅಧ್ಯಕ್ಷ ಸ್ಥಾನಕ್ಕೆ ಮತ ಹಾಕಿದವರ ಸಂಖ್ಯೆಗೂ ಈ ಸ್ಥಾನಕ್ಕೆ ಹಾಕಿದವರ ಸಂಖ್ಯೆಗೂ ಇರುವ ವ್ಯತ್ಯಾಸ ಒಂದು ಲಕ್ಷಕ್ಕೂ ಹೆಚ್ಚು. ಮತಗಟ್ಟೆಯ ತನಕ ಹೋಗಿ, ಹಾಳೆ ಕೈಯಲ್ಲಿ ಹಿಡಿದು, ನಿನ್ನಂತೆ ಕೆಳಗಿನ ಸಾಲು ಬಿಟ್ಟು ಬಂದವರು.

ಬೀಸ್ಲಿ 2022ರಲ್ಲಿ ಅಮೆರಿಕದ ಸೆನೆಟ್‌ಗೆ ನಿಂತು ಟೆಡ್ ಬಡ್ ಎದುರು ಸೋತರು. ಅದು ರಾಜಕೀಯದ ಕಥೆ, ಬಿಡು.

ನೀನು ಖಾಲಿ ಬಿಟ್ಟ 2024ರ ಸಾಲಿಗೆ ಬರೋಣ. ಆ ಸುಪ್ರೀಂ ಕೋರ್ಟ್ ಸ್ಥಾನಕ್ಕೆ ನಿಂತ ಇಬ್ಬರೂ ಇದೇ ಮೇಲ್ಮನವಿ ನ್ಯಾಯಾಲಯದ ಮೂಲಕ ಬಂದವರು. ಆಲಿಸನ್ ರಿಗ್ಸ್ ಅಲ್ಲಿ ಕೆಲವು ತಿಂಗಳಿದ್ದು 2023ರಲ್ಲಿ ಮೇಲೆ ನೇಮಕವಾದವರು. ಜೆಫರ್ಸನ್ ಗ್ರಿಫಿನ್ ನಿಮ್ಮ ವೇಕ್ ಕೌಂಟಿಯಲ್ಲೇ ಸರ್ಕಾರಿ ಅಭಿಯೋಜಕರಾಗಿ, ಜಿಲ್ಲಾ ನ್ಯಾಯಾಧೀಶರಾಗಿ, 2020ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಗೆದ್ದವರು. ರಿಗ್ಸ್ 734 ಮತಗಳಿಂದ ಮುಂದಿದ್ದರು. ಗ್ರಿಫಿನ್ ಒಪ್ಪಲಿಲ್ಲ; 65,000ಕ್ಕೂ ಹೆಚ್ಚು ಮತಗಳಿಗೆ ತಕರಾರು ಎತ್ತಿದರು. ನೋಂದಣಿ ದಾಖಲೆಯಲ್ಲಿ ಚಾಲನಾ ಪರವಾನಗಿ ಸಂಖ್ಯೆಯೋ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಗುರುತಿನ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯೋ ಇಲ್ಲ ಎನ್ನುವುದು ಹೆಚ್ಚಿನವರ ಮೇಲಿದ್ದ ಆಕ್ಷೇಪ. ಆ ಪಟ್ಟಿಯಲ್ಲಿ ರಿಗ್ಸ್ ಅವರ ಸ್ವಂತ ತಂದೆತಾಯಿಯ ಹೆಸರೂ ಇತ್ತು! ಇನ್ನೂ ಸೋಜಿಗವೆಂದರೆ, 2025ರ ಏಪ್ರಿಲ್‌ನಲ್ಲಿ ಗ್ರಿಫಿನ್ ಪರ ಎರಡಕ್ಕೆ ಒಂದರಂತೆ ತೀರ್ಪು ಕೊಟ್ಟದ್ದು ಅವರ ಸಹೋದ್ಯೋಗಿಗಳೇ ಕುಳಿತ ಪೀಠ. ನಮ್ಮಲ್ಲಿ ಜಡ್ಜಿನ ದೂರದ ಸಂಬಂಧಿ ಕಕ್ಷಿದಾರನಾಗಿದ್ದರೂ ಕಡತ ಬೇರೆ ಹಾಲಿಗೆ ಹೋಗುತ್ತದೆ. ಮೇ 5ರಂದು ಫೆಡರಲ್, ಅಂದರೆ ಕೇಂದ್ರದ, ನ್ಯಾಯಾಧೀಶ ರಿಚರ್ಡ್ ಮೈಯರ್ಸ್, ಆಟ ಮುಗಿದ ಮೇಲೆ ನಿಯಮ ಬದಲಿಸಲಾಗದು ಎಂಬರ್ಥದಲ್ಲಿ ತೀರ್ಪಿತ್ತರು. ಎರಡು ದಿನಕ್ಕೆ ಗ್ರಿಫಿನ್ ಹಿಂದೆ ಸರಿದರು. ನವೆಂಬರ್‌ನ ಮತ ಇತ್ಯರ್ಥವಾದದ್ದು ಮೇ ತಿಂಗಳಲ್ಲಿ.

ಹಿರಿಯ ಜಡ್ಜುಗಳೇ ಹೊಸ ಜಡ್ಜುಗಳನ್ನು ಆರಿಸುವ ನಮ್ಮ ಕೊಲಿಜಿಯಂ ಪದ್ಧತಿ ಇದಕ್ಕಿಂತ ಮೇಲು ಎಂದು ಎದೆತಟ್ಟಿ ಹೇಳಲಾರೆ. ಯಾರನ್ನು ಯಾಕೆ ಆರಿಸಿದರು, ಯಾರನ್ನು ಯಾಕೆ ಬಿಟ್ಟರು ಎನ್ನುವುದು ಕೋರ್ಟಿನ ಒಳಗಿದ್ದ ನಮಗೇ ಗೊತ್ತಾಗುತ್ತಿರಲಿಲ್ಲ. ನಿನಗಾದರೋ ಆ ಪ್ರಶ್ನೆಯನ್ನು ಹಾಳೆಯಲ್ಲಿ ಅಚ್ಚು ಹಾಕಿ ಕೈಗೆ ಕೊಡುತ್ತಾರೆ.

ಈಗ ಎರಡು ಕೆಲಸ ಮಾಡು. ಮೊದಲನೆಯದು, ನಿನ್ನ ಮತದಾರರ ನೋಂದಣಿಯಲ್ಲಿ ಆ ಸಂಖ್ಯೆ ಇದೆಯೇ, ಪರವಾನಗಿಯಲ್ಲಿರುವ ಹೆಸರೂ ಅಲ್ಲಿರುವುದೂ ಅಕ್ಷರಶಃ ಒಂದೇ ಇದೆಯೇ ನೋಡು. ನಮ್ಮ ಹೆಸರುಗಳಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುತ್ತದೆ. ಎರಡನೆಯದು, 2026ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಅನಿತಾ ಅರ್ಲ್ಸ್ ಅವರ ಸ್ಥಾನಕ್ಕೆ ಚುನಾವಣೆಯಿದೆ, ಮೇಲ್ಮನವಿ ನ್ಯಾಯಾಲಯದ ಕೆಲವು ಸ್ಥಾನಗಳಿಗೂ ಇದೆ. ಮಾದರಿ ಮತಪತ್ರ ಸಿಕ್ಕ ಕೂಡಲೇ ನನಗೂ ಕಳುಹಿಸು. ಅಭ್ಯರ್ಥಿಗಳು ಬರೆದ ತೀರ್ಪುಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಓದಿ ಸಾರಾಂಶ ಬರೆದು ಕೊಡುತ್ತೇನೆ, ಆ ಕೆಲಸ ನನಗೆ ಅಭ್ಯಾಸವಾದದ್ದೇ. ಯಾರಿಗೆ ಹಾಕು ಎಂದು ಮಾತ್ರ ಹೇಳುವುದಿಲ್ಲ. ನಿನ್ನ ಅಮ್ಮ ಹೇಳಿದರೆ ಅದಕ್ಕೆ ನಾನು ಹೊಣೆಯಲ್ಲ.

ಇಂತಿ,
ನಿನ್ನ ಅಪ್ಪ